ಸೌತೆಕಾಯಿ ಜಾಡಿಗಳ ಪಕ್ಕ

ಒಲೊಮೌತ್ಸ್ ಊರಿನ ನನ್ನ ನೆಲಮಾಳಿಗೆಯಲ್ಲಿ
ಉಪ್ಪುನೀರಲ್ಲಿ ನೆನೆದ ಸೌತೆಕಾಯಿ ಜಾಡಿಗಳ ಪಕ್ಕ
ಒಂದು ಪುಟ್ಟ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತ
ಹದಿನಾರು ವರ್ಷದಿಂದ ಎಚ್ಚರವಾಗಿದೆ.
ಹಗಲು ಟ್ರಾಮುಗಳ ಬ್ರೇಕು ಬಿಗಿಯುವವನು ನಾನು,
ರಾತ್ರಿ ಇದರ ಪೋಸ್ಟ್‌ಮಾಸ್ತರ.

ಮೊದಲು ಮೂವತ್ತೊಂದು ಮಂದಿ ಇದ್ದರು.
ಈಗ ನಾಲ್ಕು, ನನ್ನನ್ನೂ ಸೇರಿಸಿ.

ಅವರಿಗೆಲ್ಲ ಹೇಳಿದ್ದೆ, ಮೀಸೆಯ ಬಿಯರ್ ನೊರೆ ಒರೆಸಿಕೊಳ್ಳುತ್ತ:
ನೋಡಿ, ಇದು ಯಾರ ಅಂಗಡಿಯೂ ಅಲ್ಲ.
ಮೊದಲು ಹೆಸರು, ನಡುವೆ ಒಂದು ಸುರುಳಿ, ಆಮೇಲೆ ಮನೆ,
ಕಾಗದದ ಮೇಲಿನ ವಿಳಾಸದ ಹಾಗೆ.
ಒಸ್ಟ್ರಾವಾದಿಂದ ಲುಬೋರನ ಪೆಟ್ಟಿಗೆ ಬಂದು
"ಯಾರಪ್ಪಾ ನೀನು?" ಅನ್ನುತ್ತದೆ, ನನ್ನದು ಹೇಳುತ್ತದೆ.
ನಡುವೆ ದಲ್ಲಾಳಿ ಇಲ್ಲ, ಹಂಗಿಲ್ಲ.
ಮಾತಾಡುವ ರೀತಿಯನ್ನಷ್ಟೇ ಬರೆದಿಟ್ಟಿದ್ದಾರೆ,
ಯಾರು ಬೇಕಾದರೂ ಓದಬಹುದು. ಬಾಯಿ ನಿಮ್ಮದು.

ಯಾರೋ ಕೇಳಿದರು: "ಬೆಕ್ಕಿನ ಚಿತ್ರ ಕಳಿಸಬಹುದಾ?"
ಕಳಿಸಬಹುದು, ಅಂದೆ. ಆದರೆ
ನಿನ್ನ ಆಪ್ ಆ ಪುಟ ಓದಿರಬೇಕು,
ಅವನ ಆಪ್ ಅದೇ ಪುಟ ಓದಿರಬೇಕು,
ನಡುವಿನ ಪೆಟ್ಟಿಗೆಗಳೂ.
ನಿಯಮಕ್ಕೆ ಬಾಲಂಗೋಚಿಗಳು ನೂರಾರು,
ಒಬ್ಬೊಬ್ಬರು ಕಟ್ಟಿಕೊಂಡದ್ದು ಒಂದೊಂದು.
ಬೆಕ್ಕು ಹೊರಟಿತು.
ತಲುಪಿದ್ದು ಎರಡು ಸಾಲುದ್ದದ ಒಂದು ಕೊಂಡಿ.

ಆಮೇಲೆ ಆ ಜನವರಿ.
ತಂಗಿ ಬ್ಲಝೆನಾ ಕೊನೆಯ ರೈಲಿಗೆ ಬಂದು
ಕೆಳಬಾಗಿಲಲ್ಲಿ ನಿಂತು, ನನ್ನದೇ ವೈಫೈ ಹಿಡಿದು
ಬರೆದಳು: "ಬಾಗಿಲು ತೆಗಿ."
ಬರೆದಳು: "ಚಳಿ."
ಬರೆದಳು: "ಸತ್ತೆಯಾ?"
ಮೂರೂ ಸರಿಯಾಗಿಯೇ ತಲುಪಿದವು,
ಡಿಪೋದಲ್ಲಿ ನಾನು ಮುಚ್ಚದೆ ಬಂದ ಕಂಪ್ಯೂಟರಿಗೆ.
ಖಾಲಿ ಟ್ರಾಮುಗಳ ಸಾಲಿನೆದುರು
ಆ ಪರದೆ ಅವಳ ಚಳಿಯನ್ನು ಬೆಳಗುತ್ತ ಕೂತಿತ್ತು.
ದಿಂಬಿನಡಿಯ ಫೋನು ಬ್ಯಾಟರಿ ಉಳಿಸಲು ನಿದ್ದೆಹೋಗಿತ್ತು,
ದಿಂಬಿನ ಮೇಲೆ ನಾನು.
ಕರೆಗಂಟೆ ಕೆಟ್ಟಿತ್ತು. ಅದೂ ನನ್ನದೇ ರಿಪೇರಿ.

ನಲವತ್ತು ನಿಮಿಷ. ಕೊನೆಗೆ ಪಕ್ಕದ ಮನೆ ನಾಯಿ ಎಬ್ಬಿಸಿತು.
"ಇದರ ದೂರು ಕೊಡುವ ಕಚೇರಿ ಎಲ್ಲಿ?" ಅಂದಳು.
ನಾನೇ ಕಚೇರಿ, ಪೈಜಾಮದಲ್ಲಿ.
ಒಲ್ಲದವರಿಗೆ ಮೊಸರಲ್ಲೂ ಕಲ್ಲು ಅಂತ ಗೊಣಗಬಹುದಿತ್ತು.
ಗೊಣಗಲಿಲ್ಲ. ಮೊಸರಲ್ಲಿ ಕಲ್ಲಿತ್ತು.

ಮರುದಿನ ಅವಳು ಎಲ್ಲರೂ ಇರುವ ಕಡೆ ಹೋದಳು.
ಒಂದೇ ಬಾಗಿಲು, ಒಬ್ಬನೇ ಕಾವಲು,
ಅಲ್ಲಿ ಬೆಕ್ಕು ಬೆಕ್ಕಾಗಿಯೇ ಬರುತ್ತದೆ.
ಅವಳ ಹಿಂದೆ ಅತ್ತೆ. ಅತ್ತೆಯ ಹಿಂದೆ
ಇಗರ್ಜಿಯ ಹಾಡುಗಾರರ ಮೇಳವೆಲ್ಲ.

ನನಗೆ ಉಳಿದದ್ದು
ತೊಂಬತ್ತು ದಿನಕ್ಕೊಮ್ಮೆ ಸಾಯುವ ಪ್ರಮಾಣಪತ್ರ,
ಗೊತ್ತುಗುರಿಯಿಲ್ಲದ ಸರ್ವರುಗಳಿಂದ ನಡುರಾತ್ರಿ
ಬಿಟ್ಟಿ ನಾಣ್ಯ ಮಾರುವವರ ನಮಸ್ಕಾರ,
ಅಗುಳಿಯಿಲ್ಲದ ಕಿಟಕಿಗೆ ಗಾಳಿಯ ಜೊತೆ ನೊಣ,
ಮತ್ತೆ, ಲುಬೋರ್ ಹೊಸ ಫೋನು ಕೊಂಡಾಗಲೆಲ್ಲ,
"ಈ ಸಂದೇಶದ ಬೀಗ ತೆರೆಯಲಾಗಲಿಲ್ಲ" ಎಂಬ ಸಂದೇಶ.

ಕಿತ್ತೊಗೆಯೋಣ ಅಂತ ತಂತಿಗೆ ಕೈ ಹಾಕಿದ್ದೂ ಉಂಟು.
ಅದೇ ವಾರ ವ್ರಾತಿಸ್ಲಾವ್ ಬಂದ,
ಪಿಯಾನೋಗಳ ಶ್ರುತಿ ಕೂಡಿಸುವವನು,
ಹುಟ್ಟಿದಂದಿನಿಂದ ಕಣ್ಣು ಕಾಣದವನು.
ದೊಡ್ಡ ಮನೆಯವರು ಅಲಂಕಾರ ಬದಲಿಸಿದ ದಿನ
ಅವನ ಬೆರಳಿಗೆ ಒಂದು ಗುಂಡಿಯೂ ಸಿಗಲಿಲ್ಲವಂತೆ.
ಬರೆದ ದೂರಿಗೆ ಬಂದ ಉತ್ತರ, ಒಂದು ಚಿತ್ರ.
ಇಲ್ಲಿ ಅವನೇ ನಿಯಮ ಓದಿಸಿಕೊಂಡು
ಇನ್ನೂರು ಸಾಲು ಬರೆದು ಬಾಗಿಲು ಕೊರೆದುಕೊಂಡ.
ಯಾರನ್ನೂ ಕೇಳಲಿಲ್ಲ.
ಕೇಳಲು ಯಾರೂ ಇರಲಿಲ್ಲ.

ಈಗ ಅವನ ಮೇಜಿನ ಬ್ರೈಲ್ ಪಟ್ಟಿಯಲ್ಲಿ
ನನ್ನ ಮಾತು ಚುಕ್ಕಿಚುಕ್ಕಿಯಾಗಿ ಏಳುತ್ತದೆ,
ಎಳೆ ಸೌತೆಯ ಮೈಮೇಲಿನ ಮುಳ್ಳುಗುಳ್ಳೆಗಳ ಹಾಗೆ.
ತಡವಿ ನಗುತ್ತಾನೆ, ನಗು ಎರಡು ಚುಕ್ಕಿಯಾಗಿ ಮರಳುತ್ತದೆ.

ಕರೆಗಂಟೆ ಸರಿಮಾಡಿಸಿದ್ದೇನೆ.
ಬ್ಲಝೆನಾ ಭಾನುವಾರ ಫೋನು ಮಾಡುತ್ತಾಳೆ.
ಆದರೂ ನನ್ನ ಪಟ್ಟಿಯಲ್ಲಿ ಅವಳ ಹೆಸರು ಬೂದು ಬಣ್ಣದಲ್ಲಿ,
ಅದರಡಿ ಇನ್ನೂ ಆ ಕೊನೆಯ ಸಾಲು: "ಸತ್ತೆಯಾ?"

ನಿನ್ನೆ ಉತ್ತರ ಬರೆದೆ: "ಇಲ್ಲ."
ಅವಳಿಲ್ಲ. ಪೆಟ್ಟಿಗೆ ಅದನ್ನು ತೆಗೆದಿಟ್ಟುಕೊಂಡಿದೆ,
ಅವಳು ಬರುವ ತನಕ ಕೆಡದ ಹಾಗೆ,
ಕತ್ತಲಲ್ಲಿ, ಜಾಡಿಗಳ ಪಕ್ಕ.